ನೀರ ಮೇಲೆ ಓಡುವ ಈ ಹುಳು ಯಾವುದು? ಹುಳುವಿಗಿಂತ ಮೊದಲು ನೀರನ್ನು ನೋಡಿ

ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಹೊಲದಂಚಿನ ಗುಂಡಿ, ಕೃಷಿ ಹೊಂಡ, ಶಾಲೆಯ ಹಿಂದಿನ ಕುಂಟೆ ಎಲ್ಲದರ ಮೇಲೂ ಉದ್ದಕಾಲಿನ ಹುಳುಗಳು ಸರ್ರನೆ ಜಾರಾಡತೊಡಗುತ್ತವೆ. ಯಾರೋ ಫೋನಿನಲ್ಲಿ ಫೋಟೊ ತೆಗೆಯುತ್ತಾರೆ, ಹೆಸರು ಹೇಳುವ ಆ್ಯಪಿಗೆ ಹಾಕುತ್ತಾರೆ. ಎಷ್ಟೋ ಸಲ ಬರುವ ಉತ್ತರ ‘ಗೆರಿಸ್ ಲಕುಸ್ಟ್ರಿಸ್’. ಹೆಸರೇನೋ ಸಿಕ್ಕಿತು, ಆದರೆ ಅದು 1758ರಲ್ಲಿ ಲಿನೇಯಸ್ ಹೆಸರಿಟ್ಟ, ಯುರೋಪು ಮತ್ತು ಉತ್ತರ ಏಷ್ಯಾದ ತಂಪು ಪ್ರದೇಶದ ಕೊಳಗಳಲ್ಲಿ ಬದುಕುವ ಹುಳು. ಮಂಡ್ಯದ ಗದ್ದೆಯಲ್ಲಿ, ಚಿತ್ರದುರ್ಗದ ಹೊಂಡದಲ್ಲಿ ಓಡುತ್ತಿರುವುದು ಅದಲ್ಲ.

ಆ್ಯಪ್ ಕಲಿಯುವುದು ಈಗಾಗಲೇ ಹೆಸರು ಹಚ್ಚಿಟ್ಟ ಫೋಟೊಗಳಿಂದ. ಯಾವ ದೇಶದ ಹುಳುವಿನ ಫೋಟೊ ಹೆಚ್ಚಿದೆಯೋ ಆ ಕಡೆಗೇ ಅದು ವಾಲುತ್ತದೆ. ಮೇಲಾಗಿ ಈ ಹುಳುಗಳು ಮೇಲಿಂದ ನೋಡಿದರೆ ಒಂದರಂತೆ ಇನ್ನೊಂದು: ಕಡ್ಡಿಯಂಥ ಮೈ, ನಾಲ್ಕು ಉದ್ದ ಕಾಲು, ಅಷ್ಟೆ. ಬಿಡಿಸಿ ಹೇಳಲು ಎರಡು ಬಗೆಯ ಸಾಕ್ಷಿ ಬೇಕು. ಮೊದಲನೆಯದು ಅದು ಓಡಾಡುವ ನೀರು ಎಂಥದ್ದು ಎಂಬುದು, ಎರಡನೆಯದು ಮೈಮೇಲಿನ ಕೆಲವು ಸಣ್ಣ ಗುರುತು. ಫೋಟೊದಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ.

ಜೇಡವಲ್ಲ, ತಿಗಣೆಯ ಬಳಗ

ಇಂಗ್ಲಿಷಿನಲ್ಲಿ ಇದಕ್ಕೆ ವಾಟರ್ ಸ್ಟ್ರೈಡರ್ ಎಂದೂ ಪಾಂಡ್ ಸ್ಕೇಟರ್ ಎಂದೂ ಹೆಸರು. ಇಲ್ಲಿ ಚಿಕ್ಕದಾಗಿ ‘ಸ್ಟ್ರೈಡರ್’ ಎನ್ನೋಣ. ಉದ್ದ ಕಾಲು ನೋಡಿ ಹಲವರು ಜೇಡವೆಂದುಕೊಳ್ಳುತ್ತಾರೆ. ಜೇಡಕ್ಕೆ ಎಂಟು ಕಾಲು, ಇದಕ್ಕೆ ಆರು. ಮುಂದಿನ ಎರಡು ಗಿಡ್ಡ ಕಾಲುಗಳನ್ನು ತಲೆಯ ಕೆಳಗೆ ಮಡಚಿಟ್ಟುಕೊಳ್ಳುವುದರಿಂದ ನಮ್ಮ ಕಣ್ಣಿಗೆ ನಾಲ್ಕೇ ಕಾಣುತ್ತವೆ.

ಇದು ತಿಗಣೆ, ಜಿಗಿಹುಳು, ಸಸ್ಯಹೇನುಗಳ ದೊಡ್ಡ ಗುಂಪಿಗೆ ಸೇರಿದ ಕೀಟ. ಈ ಗುಂಪಿನ ಲಕ್ಷಣ ಸೂಜಿಬಾಯಿ. ಅಗಿಯುವುದಿಲ್ಲ, ಚುಚ್ಚಿ ಹೀರುತ್ತದೆ. ನೀರಿಗೆ ಬಿದ್ದು ಒದ್ದಾಡುವ ಇರುವೆ, ನೊಣ, ಜಿಗಿಹುಳುಗಳು ಎಬ್ಬಿಸುವ ಸಣ್ಣ ಅಲೆಯನ್ನು ಕಾಲಿನಲ್ಲೇ ಗ್ರಹಿಸಿ ಓಡಿಬರುತ್ತದೆ, ಮುಂಗಾಲಿನಲ್ಲಿ ಹಿಡಿಯುತ್ತದೆ, ಸೂಜಿ ಇಳಿಸಿ ಜೀರ್ಣರಸ ಬಿಟ್ಟು ಒಳಗಿನದನ್ನು ಹೀರುತ್ತದೆ. ಭತ್ತದ ಗದ್ದೆಯಲ್ಲಿ ಬುಡದಿಂದ ಜಾರಿ ನೀರಿಗೆ ಬೀಳುವ ಕಂದು ಜಿಗಿಹುಳುಗಳನ್ನು ಹಿಡಿದು ತಿನ್ನುವ ಮಿತ್ರಕೀಟಗಳ ಪಟ್ಟಿಯಲ್ಲಿ ಇದೂ ಇದೆ.

ಈ ಎಲ್ಲ ಸ್ಟ್ರೈಡರ್‌ಗಳ ಕುಟುಂಬದ ಹೆಸರು ಗೆರಿಡೇ. ಜಗತ್ತಿನಲ್ಲಿ ಇದರ 1,700ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಾಗಿದೆ. ಉಷ್ಣವಲಯದಲ್ಲೇ ಅವುಗಳ ವೈವಿಧ್ಯ ಹೆಚ್ಚು, ಹಾಗಾಗಿ ‘ಕೆರೆಯ ಮೇಲಿನ ಹುಳು ಒಂದೇ’ ಎನ್ನುವಂತಿಲ್ಲ. ಒಂದೇ ಊರಿನ ಕೆರೆಗೂ ಹಳ್ಳಕ್ಕೂ ಬೇರೆ ಬೇರೆ ಒಡೆಯರು.

ಮುಳುಗದೆ ನಿಲ್ಲುವುದು ಹೇಗೆ

ಗುರುತು ಹಿಡಿಯುವುದಕ್ಕೂ ಇದಕ್ಕೂ ನೇರ ನಂಟಿದೆ. ಲೋಟಕ್ಕೆ ಬಾಯಿಮಟ್ಟ ನೀರು ಹಾಕಿ, ಆಮೇಲೆ ಇನ್ನೂ ನಾಲ್ಕಾರು ಹನಿ ಹಾಕಿ ನೋಡಿ. ಚೆಲ್ಲುವುದಿಲ್ಲ, ಉಬ್ಬಿ ನಿಲ್ಲುತ್ತದೆ. ನೀರಿನ ಕಣಗಳು ಒಂದನ್ನೊಂದು ಎಳೆದು ಹಿಡಿದಿರುವುದರಿಂದ ಮೇಲ್ಮೈ ಬಿಗಿದ ಬಟ್ಟೆಯಂತಿರುತ್ತದೆ. ಇದೇ ಮೇಲ್ಮೈ ಎಳೆತ. ಹಗುರಾದ ಹುಳುವನ್ನು ಹೊರಲು ಇಷ್ಟು ಸಾಕು, ಆದರೆ ಒಂದು ಷರತ್ತು: ಕಾಲು ಒದ್ದೆಯಾಗಬಾರದು. ಒದ್ದೆಯಾದರೆ ನೀರು ಕಾಲನ್ನು ಒಳಗೆಳೆದುಕೊಳ್ಳುತ್ತದೆ.

ಕೆಸುವಿನ ಎಲೆಯ ಮೇಲೆ ನೀರ ಹನಿ ಗುಂಡಾಗಿ ಉರುಳುವುದನ್ನು ಕಂಡಿದ್ದೀರಲ್ಲ, ಸ್ಟ್ರೈಡರ್‌ನ ಕಾಲಿನದೂ ಅದೇ ಗುಣ. ಮೇಣ ಹಚ್ಚಿದಂತಿರುವ ಸಾವಿರಾರು ಸೂಕ್ಷ್ಮ ಕೂದಲು, ಒಂದೊಂದು ಕೂದಲ ಮೇಲೂ ಅದಕ್ಕಿಂತ ಸೂಕ್ಷ್ಮವಾದ ಗೀರು, ಆ ಗೀರುಗಳಲ್ಲಿ ಸಿಕ್ಕಿಬಿದ್ದ ಗಾಳಿ. 2004ರಲ್ಲಿ ಚೀನಾದ ವಿಜ್ಞಾನಿಗಳಾದ ಗಾವ್ ಮತ್ತು ಜಿಯಾಂಗ್ ಅಳೆದು ನೋಡಿದಾಗ ಒಂದೇ ಕಾಲು ಇಡೀ ಮೈತೂಕದ ಸುಮಾರು 15 ಪಟ್ಟು ಭಾರ ಹೊರಬಲ್ಲದು ಎಂದು ತಿಳಿಯಿತು.

ನಡುವಿನ ಜೋಡಿ ಕಾಲು ಹುಟ್ಟು ಹಾಕುತ್ತದೆ. ಹಿಂದಿನ ಜೋಡಿ ದಿಕ್ಕು ತಿರುಗಿಸುತ್ತದೆ, ಭಾರ ಹೊರುತ್ತದೆ. ಮುಂದಿನ ಜೋಡಿ ಬೇಟೆಗೆ. ದೋಣಿಯ ಹುಟ್ಟಿನಂತೆಯೇ ನಡುಗಾಲು ನೀರಿನಲ್ಲಿ ಹಿಂದಕ್ಕೆ ಸುಳಿಗಳನ್ನು ತಳ್ಳುತ್ತದೆ ಎಂಬುದನ್ನು 2003ರಲ್ಲಿ ಅಮೆರಿಕದ ಹೂ, ಚಾನ್ ಮತ್ತು ಬುಶ್ ಬಣ್ಣದ ನೀರಿನಲ್ಲಿ ತೋರಿಸಿದರು. ಯಾವ ನೀರಿನಲ್ಲಿ ಎಂಥ ಹುಟ್ಟು ಬೇಕು ಎಂಬುದರ ಮೇಲೆಯೇ ಒಂದೊಂದು ಪ್ರಭೇದದ ಕಾಲು, ಮೈ ರೂಪುಗೊಂಡಿವೆ.

ಇದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ‘ಈ ಹುಳು ಇದ್ದರೆ ನೀರು ಕುಡಿಯಲು ಯೋಗ್ಯ’ ಎಂಬ ಮಾತು ಸರಿಯಲ್ಲ. ಅದು ಉಸಿರಾಡುವುದು ಮೇಲಿನ ಗಾಳಿಯನ್ನು. ನೀರಿನೊಳಗೆ ಆಮ್ಲಜನಕ ಕಡಿಮೆಯಿದ್ದರೂ, ರೋಗಾಣುಗಳಿದ್ದರೂ ಅದು ಮೇಲೆ ಓಡಾಡಿಕೊಂಡೇ ಇರಬಲ್ಲದು. ಅದಕ್ಕೆ ಆಗದಿರುವುದು ಸೋಪು ಮತ್ತು ಎಣ್ಣೆ. ಬಟ್ಟೆಸೋಪು, ಪಾತ್ರೆ ತೊಳೆಯುವ ದ್ರವ ಮೇಲ್ಮೈ ಎಳೆತವನ್ನು ಇಳಿಸಿ ಕಾಲಿನ ಕೂದಲನ್ನು ಒದ್ದೆ ಮಾಡುತ್ತವೆ. ಬಟ್ಟೆ ಒಗೆಯುವ ಕಲ್ಲಿನ ಸುತ್ತ, ನೊರೆ ನಿಂತ ಕೋಡಿಯ ಬಳಿ ಇವು ಕಾಣದಿದ್ದರೆ ಕಾರಣ ಅದಿರಬಹುದು.

ಹೆಸರಿನಲ್ಲೇ ವಿಳಾಸ

ವೈಜ್ಞಾನಿಕ ಹೆಸರಿಗೆ ಎರಡು ಭಾಗ. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಕುಲವೆಂದರೆ ಮನೆತನದ ಹೆಸರಿದ್ದಂತೆ, ಹತ್ತಿರದ ನೆಂಟರಿಗೆಲ್ಲ ಒಂದೇ. ಪ್ರಭೇದವೆಂದರೆ ಆ ಮನೆಯೊಳಗಿನ ಒಬ್ಬರ ಹೆಸರು. ತಮ್ಮತಮ್ಮಲ್ಲೇ ಕೂಡಿ ಸಂತತಿ ಮುಂದುವರಿಸುವ ಗುಂಪು ಒಂದು ಪ್ರಭೇದ ಎಂದು ಸರಳವಾಗಿ ಹೇಳಬಹುದು.

ಸ್ಟ್ರೈಡರ್‌ಗಳ ಹೆಸರುಗಳನ್ನು ಬಿಡಿಸಿ ನೋಡಿದರೆ ಹೆಸರಿಟ್ಟವರೂ ನೀರನ್ನೇ ಮೊದಲು ಗಮನಿಸಿದ್ದರು ಅನ್ನಿಸುತ್ತದೆ. ‘ಫೊಸಾರಮ್’ ಎಂದರೆ ಲ್ಯಾಟಿನ್‌ನಲ್ಲಿ ಚರಂಡಿ-ಕಾಲುವೆಗಳದ್ದು. ‘ಲಕುಸ್ಟ್ರಿಸ್’ ಎಂದರೆ ಸರೋವರದ್ದು. ‘ಪಲುಡಮ್’ ಜೌಗಿನದ್ದು, ‘ಫ್ಲುವಿಯೋರಮ್’ ನದಿಗಳದ್ದು. ‘ಹ್ಯಾಲೊಬೇಟಿಸ್’ ಎಂದರೆ ಗ್ರೀಕಿನಲ್ಲಿ ಕಡಲ ಮೇಲೆ ನಡೆಯುವುದು. ಹಳೆಯ ಹೆಸರನ್ನೇ ಪೂರ್ತಿ ನಂಬಿ ಕೂರಬೇಕಿಲ್ಲ, ಆದರೆ ವಿಳಾಸದ ಕಡೆಗೆ ಅದು ಬೊಟ್ಟು ಮಾಡುತ್ತದೆ.

ಮೊದಲ ಸಾಕ್ಷಿ: ನೀರು

ಹುಳುವಿನ ಬೆನ್ನಟ್ಟುವ ಮೊದಲು ಐದು ನಿಮಿಷ ದಡದಲ್ಲಿ ನಿಂತು ಮೂರು ವಿಷಯ ನೋಡಿ: ನೀರು ನಿಂತಿದೆಯೋ ಹರಿಯುತ್ತಿದೆಯೋ, ಬಿಸಿಲಿದೆಯೋ ನೆರಳಿದೆಯೋ, ಈ ನೀರು ಬೇಸಿಗೆಯಲ್ಲಿ ಬತ್ತುತ್ತದೆಯೋ ವರ್ಷವಿಡೀ ಇರುತ್ತದೆಯೋ. ಈ ಮೂರರ ಉತ್ತರ ಸಿಕ್ಕರೆ ಅರ್ಧ ಕುಲಗಳು ಪಟ್ಟಿಯಿಂದ ಹೊರಬೀಳುತ್ತವೆ.

ಬಯಲಿನ ನಿಂತ ನೀರಿನಿಂದ ಶುರು ಮಾಡೋಣ. ಮಳೆಗಾಲದ ಗುಂಡಿ, ಭತ್ತದ ಗದ್ದೆ, ಕೃಷಿ ಹೊಂಡ, ಕಾಲುವೆಯ ನಿಂತ ಭಾಗ, ದೇವಸ್ಥಾನದ ಕಲ್ಯಾಣಿ. ಇಲ್ಲಿ ಮೊದಲು ನೆನೆಯಬೇಕಾದ ಕುಲ ಲಿಮ್ನೋಗೋನಸ್. ಅದರಲ್ಲೂ ಎರಡು ಪ್ರಭೇದ: ಡೆನ್ಮಾರ್ಕಿನ ಫೆಬ್ರೀಷಿಯಸ್ 1775ರಲ್ಲಿ ಹೆಸರಿಟ್ಟ ಲಿಮ್ನೋಗೋನಸ್ ಫೊಸಾರಮ್, ಮೈಯರ್ 1865ರಲ್ಲಿ ಹೆಸರಿಟ್ಟ ಲಿಮ್ನೋಗೋನಸ್ ನಿಟಿಡಸ್. ಎರಡೂ ಭಾರತದ ಬಹುಭಾಗದಲ್ಲಿವೆ. ನೀರು ಬತ್ತಿದರೆ ಬೇರೆಡೆ ಹೋಗಲೇಬೇಕಾದ್ದರಿಂದ ಇವುಗಳಲ್ಲಿ ರೆಕ್ಕೆಯಿರುವ ಹುಳುಗಳು ಸಾಕಷ್ಟು. ಹೊಸದಾಗಿ ತೋಡಿದ ಹೊಂಡಕ್ಕೆ ನೀರು ಬಂದ ಕೆಲವೇ ದಿನಗಳಲ್ಲಿ ಹುಳು ಎಲ್ಲಿಂದ ಬಂತು ಎಂದು ಜನ ಬೆರಗಾಗುತ್ತಾರೆ. ಹಾರಿ ಬಂದದ್ದು. ನೀರಹುಳುಗಳು ನೀರನ್ನು ಹುಡುಕುವುದು ಅದರ ಮೇಲೆ ಬಿದ್ದು ಪ್ರತಿಫಲಿಸುವ ಬೆಳಕಿನ ಹೊಳಪಿನಿಂದ. ಇದೇ ಕಾರಣಕ್ಕೆ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹಾಳೆ, ಕಾರಿನ ನೆತ್ತಿಯ ಮೇಲೂ ಅವು ಮೋಸಹೋಗಿ ಇಳಿಯುವುದುಂಟು.

ತಾವರೆ, ನೈದಿಲೆ, ಅಂತರಗಂಗೆ ತುಂಬಿದ ಕೆರೆಯಂಚಿನಲ್ಲಿ, ಎಲೆಗಳ ನಡುವಿನ ಪುಟ್ಟ ಕಿಂಡಿಗಳಲ್ಲಿ ಸಣ್ಣ ಹುಳು ಕಂಡರೆ ನಿಯೋಗೆರಿಸ್ ಪಾರ್ವುಲಸ್ ಇರಬಹುದೇ ಎಂದು ನೋಡಿ. ‘ಪಾರ್ವುಲಸ್’ ಎಂದರೇ ಚಿಕ್ಕದು. ಕೆರೆಯ ತೆರೆದ ನೀರಿನಲ್ಲಿ, ದಡದಿಂದ ಒಂದಿಷ್ಟು ದೂರ, ಎದ್ದು ಕಾಣುವಷ್ಟು ದೊಡ್ಡ ಹುಳು ಉದ್ದುದ್ದ ಜಿಗಿತದಲ್ಲಿ ಸಾಗುತ್ತಿದ್ದರೆ ಅಕ್ವೇರಿಯಸ್ ಕುಲವನ್ನು ನೆನೆಯಬೇಕು. ನಮ್ಮ ಕಡೆಗೆ ಹೊಂದುವ ಹೆಸರು ಅಕ್ವೇರಿಯಸ್ ಅಡಿಲೈಡಿಸ್. ಇದು ಭಾರತದಿಂದ ಆಗ್ನೇಯ ಏಷ್ಯಾದವರೆಗೂ ಹಬ್ಬಿರುವ ಪ್ರಭೇದ. ನಿಂತ ನೀರಿನ ಇನ್ನೊಂದು ಕುಲ ರಾಗಡೊಟಾರ್ಸಸ್. ತೀರಾ ಪುಟ್ಟದು, ಜೀರಿಗೆಗಿಂತಲೂ ಚಿಕ್ಕದು. ಇದರ ಗಂಡು ನೀರನ್ನು ಕಾಲಿನಿಂದ ತಟ್ಟಿ ಅಲೆಗಳ ಮೂಲಕವೇ ಹೆಣ್ಣನ್ನು ಕರೆಯುತ್ತದೆ ಎಂಬುದನ್ನು ವಿಲ್ಕಾಕ್ಸ್ ಎಂಬ ವಿಜ್ಞಾನಿ 1972ರಲ್ಲಿ ವಿವರಿಸಿದರು.

ಇನ್ನು ಘಟ್ಟದ ಹಳ್ಳಗಳಿಗೆ ಬನ್ನಿ. ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಕಡೆ, ಹರಿವಿಗೆ ಎದುರಾಗಿ ಮುಖಮಾಡಿ, ಬಿಡದೆ ಹುಟ್ಟು ಹಾಕುತ್ತ ನಿಂತಲ್ಲೇ ನಿಂತಂತೆ ಕಾಣುವ ದೊಡ್ಡ ಹುಳುಗಳ ಗುಂಪು ಕಂಡರೆ ಅದು ಬಹುತೇಕ ಟೈಲೊಮೆರಾ ಕುಲ. ಪಶ್ಚಿಮ ಘಟ್ಟದಲ್ಲಿ ದಾಖಲಾಗಿರುವುದು ಟೈಲೊಮೆರಾ ಅಗ್ರಿಯೋಡಿಸ್. ಹೆಸರಿನ ಅರ್ಥ ‘ಗರಿತೊಡೆ’: ಗಂಡಿನ ನಡುಗಾಲಿನಲ್ಲಿ ಗರಿಯಂತೆ ಸಾಲುಗೂದಲು. ಈ ಹಳ್ಳಗಳು ಬತ್ತುವುದು ಅಪರೂಪ, ಹಾರಿ ಹೋಗುವ ಅಗತ್ಯವೂ ಅಷ್ಟೇ ಅಪರೂಪ. ಹಾಗಾಗಿ ಇಲ್ಲಿ ಸಿಗುವವು ಹೆಚ್ಚಾಗಿ ರೆಕ್ಕೆಯಿಲ್ಲದವು. ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು: ರೆಕ್ಕೆಯಿಲ್ಲದ ಹುಳುವಿನ ಹಳ್ಳವನ್ನು ಒಮ್ಮೆ ಬತ್ತಿಸಿದರೆ ಅದು ಪಕ್ಕದ ಕಣಿವೆಗೆ ಸುಲಭವಾಗಿ ದಾಟಲಾರದು.

ಅದೇ ಹಳ್ಳದ ಪಕ್ಕದಲ್ಲಿ, ಮರದ ನೆರಳಿನಲ್ಲಿ, ಹರಿವು ತಗ್ಗಿದ ಮಡುವಿದೆಯಲ್ಲ, ಅಲ್ಲಿ ಬೇರೆಯೇ ಹುಳು. ಮೈ ಗಿಡ್ಡ, ಗುಂಡಗೆ, ಹಳದಿಯ ಮೇಲೆ ಕಪ್ಪು ಗೆರೆ. ಇದು ಮೆಟ್ರೊಕೊರಿಸ್. ಕಾಡಿನೊಳಗಿನ ಇಂಥದೇ ನೆರಳ ನೀರಿನಲ್ಲಿ ಸಪೂರ ಮೈಯ, ಬಹಳ ಉದ್ದ ಕಾಲಿನ ಲಿಮ್ನೊಮೆಟ್ರಾ ಫ್ಲುವಿಯೋರಮ್ ಕೂಡ ಸಿಗುತ್ತದೆ. ಟೈಲೊಮೆರಾ ಮತ್ತು ಮೆಟ್ರೊಕೊರಿಸ್ ನಡುವೆ ಅಂತರ ಕೆಲವೊಮ್ಮೆ ಎರಡು ಮಾರು ಮಾತ್ರ. ಆದ್ದರಿಂದ ‘ಹಳ್ಳದಲ್ಲಿ ಸಿಕ್ಕಿತು’ ಎಂದಷ್ಟೇ ಬರೆದರೆ ಸಾಲದು, ಹಳ್ಳದ ಯಾವ ಭಾಗ ಎಂಬುದೂ ಬೇಕು.

ಹರಿವನ್ನು ‘ಜೋರು’, ‘ನಿಧಾನ’ ಎಂದು ಬರೆಯುವ ಬದಲು ಅಳೆದುಬಿಡಿ. ದಡದುದ್ದಕ್ಕೆ 2 ಮೀಟರ್ ಗುರುತು ಹಾಕಿ, ಒಣ ಎಲೆಯೊಂದನ್ನು ಬಿಟ್ಟು ಎಷ್ಟು ಸೆಕೆಂಡಿಗೆ ದಾಟುತ್ತದೆ ನೋಡಿ. 4 ಸೆಕೆಂಡಾದರೆ ಹರಿವು ಸೆಕೆಂಡಿಗೆ ಅರ್ಧ ಮೀಟರ್. ಮೂರು ಸಲ ಅಳೆದು ಸರಾಸರಿ ತೆಗೆದರೆ ಸಾಕು.

ಕಡಲನ್ನೂ ಬಿಡುವಂತಿಲ್ಲ. ಹ್ಯಾಲೊಬೇಟಿಸ್ ಕುಲದ 40ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ತೀರದ ಸಮೀಪ, ಕಾಂಡ್ಲಾ ಕಾಡಿನ ಆಸುಪಾಸಿನಲ್ಲಿ ಬದುಕುತ್ತವೆ. ಐದು ಮಾತ್ರ ನೆಲ ಕಾಣದ ನಡುಸಮುದ್ರದಲ್ಲಿ. ಮಹಾಸಾಗರದ ನಡುವೆ ಇಡೀ ಬದುಕು ಕಳೆಯುವ ಕೀಟಗಳು ಇವಷ್ಟೇ. ಹಿಂದೂ ಮಹಾಸಾಗರದಲ್ಲಿ ಆ ಐದರ ಪೈಕಿ ಹ್ಯಾಲೊಬೇಟಿಸ್ ಮೈಕನ್ಸ್ ಮತ್ತು ಹ್ಯಾಲೊಬೇಟಿಸ್ ಜರ್ಮಾನಸ್ ಇವೆ. ಇವಕ್ಕೆ ಎಂದೂ ರೆಕ್ಕೆ ಬರುವುದಿಲ್ಲ. ತೇಲುವ ವಸ್ತುಗಳ ಮೇಲೆಯೇ ಮೊಟ್ಟೆ.

ಎರಡನೆಯ ಸಾಕ್ಷಿ: ಮೈ

ಮೊದಲು ಅದು ಗೆರಿಡೇ ಹೌದೋ ಅಲ್ಲವೋ ಖಚಿತಪಡಿಸಿಕೊಳ್ಳಿ. ಎರಡು ಗುರುತು ಸಾಕು. ಹಿಂಗಾಲಿನ ತೊಡೆ ಹೊಟ್ಟೆಯ ತುದಿಯನ್ನು ದಾಟಿ ಬಹಳ ಮುಂದಕ್ಕೆ ಹೋಗಿರಬೇಕು. ಇನ್ನೊಂದು, ಉಗುರು ಪಾದದ ತುದಿಯಲ್ಲಿರದೆ ತುದಿಗಿಂತ ಸ್ವಲ್ಪ ಹಿಂದೆ ಮೂಡಿರಬೇಕು. ನೀರ ಚರ್ಮವನ್ನು ಉಗುರು ತೂತು ಮಾಡಬಾರದೆಂದೇ ಈ ಏರ್ಪಾಡು. ಇದನ್ನು ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಬೇಕು.

ಹೀಗೇ ಕಾಣುವ ಬೇರೆಯವರಿದ್ದಾರೆ. ಹಳ್ಳದ ಹರಿವಿನಲ್ಲಿ ಸಾಸಿವೆ ಚೆಲ್ಲಿದಂತೆ ಗುಂಪಾಗಿ ಚಡಪಡಿಸುವ ಕಪ್ಪು ಪುಟ್ಟ ಹುಳುಗಳು ಸಾಮಾನ್ಯವಾಗಿ ವೆಲಿಡೇ ಕುಟುಂಬದ ರಾಗೊವೀಲಿಯಾ. ಅವುಗಳ ಹಿಂದೊಡೆ ಗಿಡ್ಡ, ನಡುಗಾಲಿನ ಪಾದದಲ್ಲಿ ಬೀಸಣಿಗೆಯಂತೆ ಬಿಚ್ಚಿ ಮುಚ್ಚುವ ಕೂದಲಿದೆ. ದಡದಂಚಿನಲ್ಲಿ ಹೊಲಿಗೆದಾರದಷ್ಟು ತೆಳ್ಳಗೆ, ನಿಧಾನಕ್ಕೆ ಹೆಜ್ಜೆಯಿಡುತ್ತ ನಡೆಯುವುದು ಹೈಡ್ರೊಮೆಟ್ರಾ, ಅದರ ತಲೆಯೇ ಉದ್ದ. ಗಿರಗಿರನೆ ಸುತ್ತುವ ಗಟ್ಟಿಚಿಪ್ಪಿನ ಕಪ್ಪುಹುಳು ದುಂಬಿಯ ಜಾತಿಯದು. ನೀರಿನ ಕೆಳಗೆ ಬೆನ್ನು ಅಡಿಯಾಗಿ ಈಜುವುದು ಬೆನ್ನೀಜುವ ತಿಗಣೆ.

ಗೆರಿಡೇ ಎಂದು ಗೊತ್ತಾದ ಮೇಲೆ ಉದ್ದ ಅಳೆಯಿರಿ. ಕಾಲು, ಕುಡಿಮೀಸೆ ಬಿಟ್ಟು ತಲೆಯಿಂದ ಹೊಟ್ಟೆಯ ತುದಿಯವರೆಗಿನ ಮೈ ಮಾತ್ರ. ಕಾಲನ್ನೂ ಸೇರಿಸಿ ‘ಎರಡಿಂಚು ಹುಳು’ ಎಂದು ಬರೆಯುವುದು ಎಲ್ಲರೂ ಮಾಡುವ ತಪ್ಪು. ಲಿಮ್ನೋಗೋನಸ್ ಫೊಸಾರಮ್ ಸುಮಾರು 8ರಿಂದ 11 ಮಿಲಿಮೀಟರ್, ಅಂದರೆ ಸಿಪ್ಪೆಸಹಿತ ಭತ್ತದ ಕಾಳಿನಷ್ಟು. ನಿಟಿಡಸ್ ಅದಕ್ಕಿಂತ ಚಿಕ್ಕದು, 6ರಿಂದ 8.5ರ ಆಸುಪಾಸು. ನಿಯೋಗೆರಿಸ್ ಪಾರ್ವುಲಸ್ 5-6, ಜೀರಿಗೆಯಷ್ಟು. ಅಕ್ವೇರಿಯಸ್ 12 ದಾಟುತ್ತದೆ. ಟೈಲೊಮೆರಾ 15ರ ಹತ್ತಿರ. ಎಲ್ಲದರಲ್ಲೂ ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು, ಹಾಗಾಗಿ ಚಿಕ್ಕ ಪ್ರಭೇದದ ಹೆಣ್ಣು ದೊಡ್ಡ ಪ್ರಭೇದದ ಗಂಡಿನ ಅಳತೆಗೆ ಬಂದು ನಿಲ್ಲಬಹುದು. ಉದ್ದವೊಂದನ್ನೇ ನಂಬಬಾರದು.

ಬಯಲಿನ ಹುಳುಗಳಲ್ಲಿ ಅತಿ ಹೆಚ್ಚು ನೆರವಾಗುವ ಜಾಗ ತಲೆಯ ಹಿಂದಿನ ಎದೆಕವಚ. ಅದು ಎಣ್ಣೆ ಸವರಿದಂತೆ ನುಣುಪಾಗಿ, ಕಪ್ಪಾಗಿ ಹೊಳೆಯುತ್ತಿದ್ದು, ಮುಂಭಾಗದಲ್ಲಿ ಒಂದು ಜೊತೆ ಹಳದಿ ಮಚ್ಚೆಯಿದ್ದರೆ ಲಿಮ್ನೋಗೋನಸ್. ‘ನಿಟಿಡಸ್’ ಎಂದರೇ ಹೊಳೆಯುವುದು. ಜೋಡಿ ಮಚ್ಚೆಯ ಬದಲು ನಟ್ಟನಡುವೆ ಒಂದೇ ಮಚ್ಚೆಯಿದ್ದು ಹುಳು ಪುಟ್ಟದಾಗಿದ್ದರೆ ನಿಯೋಗೆರಿಸ್. ಹೊಳಪೇ ಇಲ್ಲದೆ ಮಖಮಲ್ಲಿನಂತೆ ಮಬ್ಬಾಗಿದ್ದು, ಹೊಟ್ಟೆಯ ತುದಿಯ ಎರಡೂ ಪಕ್ಕದಲ್ಲಿ ಹಿಂದಕ್ಕೆ ಚಾಚಿದ ಉದ್ದ ಮುಳ್ಳಿದ್ದರೆ ಅಕ್ವೇರಿಯಸ್.

ಕೊನೆಯ ತೀರ್ಮಾನ ಗಂಡಿನ ಹೊಟ್ಟೆಯ ತುದಿಯ ಮೇಲೆ ನಿಂತಿರುತ್ತದೆ. ಅಲ್ಲಿನ ಕೂಡುವ ಅಂಗಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಕೀಟತಜ್ಞರು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಇದನ್ನೇ. ಫೊಸಾರಮ್ಮೋ ನಿಟಿಡಸ್ಸೋ ಎಂಬ ಜಗಳ ಮೇಲಿಂದ ತೆಗೆದ ಫೋಟೊದಲ್ಲಿ ತೀರುವುದಿಲ್ಲ. ಹೊಟ್ಟೆಯ ಕೆಳಭಾಗ, ಗಂಡಿನದು, ಸ್ಪಷ್ಟವಾಗಿ ಕಾಣಬೇಕು.

ದಾರಿ ತಪ್ಪಿಸುವ ಸಂಗತಿಗಳು

ಒಂದೇ ಹೊಂಡದಲ್ಲಿ ಉದ್ದ ರೆಕ್ಕೆಯದು, ಗಿಡ್ಡ ರೆಕ್ಕೆಯದು, ರೆಕ್ಕೆಯೇ ಇಲ್ಲದ್ದು ಮೂರೂ ಇರಬಹುದು, ಮೂರೂ ಒಂದೇ ಪ್ರಭೇದವಿರಬಹುದು. ಹಲವು ಪ್ರಭೇದಗಳಲ್ಲಿ ರೆಕ್ಕೆಯಿರುವ ಹುಳುವಿನ ಎದೆಕವಚ ಹಿಂದಕ್ಕೆ ಚಾಚಿ ಬೆನ್ನನ್ನು ಮುಚ್ಚುತ್ತದೆ, ರೆಕ್ಕೆಯಿಲ್ಲದ್ದರಲ್ಲಿ ಗಿಡ್ಡವಾಗಿ ಬೆನ್ನಿನ ಬೇರೆ ಚಿತ್ತಾರ ಹೊರಗೆ ಕಾಣುತ್ತದೆ. ನೋಡಿದವರಿಗೆ ಎರಡು ಬೇರೆ ಹುಳು ಅನ್ನಿಸುವುದು ಸಹಜ.

ಮರಿಗಳದ್ದು ಇನ್ನೊಂದು ತೊಡಕು. ಮೊಟ್ಟೆಯಿಂದ ಹೊರಬಂದ ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗುತ್ತದೆ. ನಡುವೆ ಗೂಡುಹುಳುವಿನ ಹಂತವಿಲ್ಲ, ಮರಿಯೂ ದೊಡ್ಡದರ ಸಣ್ಣ ರೂಪವೇ. ರೆಕ್ಕೆಯಿಲ್ಲದ ದೊಡ್ಡ ಹುಳುವಿಗೂ ಮರಿಗೂ ವ್ಯತ್ಯಾಸ ತಿಳಿಯಬೇಕೆಂದರೆ ಪಾದ ನೋಡಿ. ದೊಡ್ಡದರ ಪಾದಕ್ಕೆ ಎರಡು ಗೆಣ್ಣು, ಮರಿಗೆ ಒಂದೇ. ಮರಿಯ ಹೊಟ್ಟೆಯೂ ತೀರಾ ಗಿಡ್ಡ. ಮರಿಯನ್ನಿಟ್ಟುಕೊಂಡು ಪ್ರಭೇದದ ಹೆಸರು ಹೇಳಲು ಹೋಗಬೇಡಿ.

ಮೈಮೇಲೆ ಕೆಂಪು ಚುಕ್ಕೆಗಳಿದ್ದರೆ ಅದು ಬಣ್ಣವಲ್ಲದಿರಬಹುದು. ನೀರುನುಸಿಗಳ ಮರಿಗಳು ಸ್ಟ್ರೈಡರ್‌ಗೆ ಅಂಟಿಕೊಂಡು ರಸ ಹೀರುತ್ತವೆ. ಒಂದು ಹುಳುವಿನ ಎಡಗಡೆ ಮೂರು ಚುಕ್ಕೆ, ಪಕ್ಕದ್ದರಲ್ಲಿ ಒಂದೂ ಇಲ್ಲ ಎಂದಾದರೆ ಅವು ನುಸಿಗಳೇ. ಆಗಷ್ಟೇ ಪೊರೆ ಕಳಚಿದ ಹುಳು ಬಿಳಿಚಿಕೊಂಡಿರುತ್ತದೆ, ಅದನ್ನು ಹೊಸ ಬಗೆಯೆಂದು ಎಣಿಸಬೇಡಿ. ಒಂದರ ಮೇಲೊಂದು ಕುಳಿತ ಜೋಡಿಯಲ್ಲಿ ಮೇಲಿನ ಚಿಕ್ಕದು ಮರಿಯಲ್ಲ, ಗಂಡು. ಇಂಥ ಜೋಡಿ ಸಿಕ್ಕರೆ ಅದೃಷ್ಟ: ಗಂಡು ಹೆಣ್ಣು ಎರಡೂ ಒಂದೇ ಪ್ರಭೇದದವೆಂದು ನಂಬಬಹುದಾದ ಜೋಡಿ ಒಟ್ಟಿಗೆ ಕೈಗೆ ಬಂದಂತೆ.

ಹಿಡಿಯುವುದು ಮತ್ತು ಫೋಟೊ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹುಳು ಹಿಡಿಯುವಂತಿಲ್ಲ. ಅಲ್ಲಿ ದೂರದಿಂದ ಫೋಟೊ ಮಾತ್ರ. ಮಳೆಗಾಲದ ತುಂಬುಹಳ್ಳಕ್ಕೆ ಇಳಿಯುವುದು ಜೀವಕ್ಕೇ ಅಪಾಯ. ಹಳ್ಳದ ಹುಳುಗಳನ್ನು ನೋಡಲು ನೆರೆ ಇಳಿದ ಮೇಲಿನ ಅಕ್ಟೋಬರಿನಿಂದ ಫೆಬ್ರುವರಿವರೆಗಿನ ದಿನಗಳು ಒಳ್ಳೆಯವು.

ಸುಮಾರು 30 ಸೆಂಟಿಮೀಟರ್ ಬಾಯಿಯ, ಉದ್ದ ಹಿಡಿಯ ಜಾಳಿಗೆ ಬಲೆ ಸಾಕು. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಿ, ನೀರಿಗೆ ಕಾಲಿಟ್ಟು ಅಲೆ ಎಬ್ಬಿಸಬೇಡಿ. ಅಲೆಯೇ ಅದಕ್ಕೆ ಸುದ್ದಿ. ನಿಂತ ನೀರಿನಲ್ಲಾದರೆ ಬಲೆಯನ್ನು ಮೇಲಿಂದ ಮುಚ್ಚದೆ ಪಕ್ಕದಿಂದ ಗೋರಿ ಎತ್ತಿ. ಹಳ್ಳದಲ್ಲಾದರೆ ಬಲೆಯನ್ನು ಕೆಳಹರಿವಿನಲ್ಲಿ ಹಿಡಿದು, ಇನ್ನೊಬ್ಬರು ಮೇಲಿನಿಂದ ಮೆಲ್ಲಗೆ ಓಡಿಸಿಕೊಂಡು ಬರಲಿ. ಕಾಲು ಹಿಡಿದು ಎತ್ತಬಾರದು, ಮುರಿದು ಕೈಯಲ್ಲೇ ಉಳಿಯುತ್ತದೆ. ಮೈಯನ್ನು ಬಿಗಿಯಾಗಿ ಹಿಡಿದರೆ ಸೂಜಿಬಾಯಿಯಿಂದ ಚುಚ್ಚಬಹುದು.

ಹಿಡಿದ ಹುಳುವನ್ನು ನೀರು ತುಂಬಿದ ಡಬ್ಬಿಯಲ್ಲಿ ಹಾಕುವುದು ಅತಿ ದೊಡ್ಡ ತಪ್ಪು. ನೀರ ಮೇಲೆ ಬದುಕುವುದು ನೀರಲ್ಲೇ ಇರಲಿ ಎಂಬ ಕಾಳಜಿಯಿಂದಲೇ ಜನ ಹಾಗೆ ಮಾಡುತ್ತಾರೆ. ಡಬ್ಬಿ ಅಲುಗಾಡಿದಾಗ ನೀರು ಮೇಲೆರಗಿ ಕೂದಲೆಲ್ಲ ಒದ್ದೆಯಾಗುತ್ತದೆ, ಹುಳು ಮುಳುಗಿ ಸಾಯುತ್ತದೆ. ಒದ್ದೆ ಮಾಡಿ ಹಿಂಡಿದ ಕಾಗದದ ಕರವಸ್ತ್ರ ಅಥವಾ ಪಾಚಿಯ ತುಣುಕು ಹಾಕಿದ, ಗಾಳಿಗೆ ತೂತಿರುವ ಡಬ್ಬಿ ಸಾಕು. ಒಂದು ಡಬ್ಬಿಗೆ ಒಂದೇ ಹುಳು, ಇಲ್ಲವಾದರೆ ಒಂದು ಇನ್ನೊಂದನ್ನು ತಿನ್ನಬಹುದು. ಸೋಪಿನಲ್ಲಿ ತೊಳೆದ ಡಬ್ಬಿಯನ್ನು ಬರೀ ನೀರಿನಲ್ಲಿ ಚೆನ್ನಾಗಿ ಅಲುಬಿ ಒಣಗಿಸಿರಬೇಕು.

ಫೋಟೊಕ್ಕೆ ಪಾರದರ್ಶಕ, ಚಪ್ಪಟೆ ತಳದ ಡಬ್ಬಿ ತೆಗೆದುಕೊಂಡು ಕೆಳಗೆ ಮಿಲಿಮೀಟರ್ ಗೆರೆಯ ಗ್ರಾಫ್ ಹಾಳೆ ಇಡಿ. ಅಳತೆ ತಾನಾಗಿ ಸಿಗುತ್ತದೆ. ಮೇಲಿಂದ ಒಂದು, ಪಕ್ಕದಿಂದ ಒಂದು, ಡಬ್ಬಿಯನ್ನು ಎತ್ತಿ ತಳದ ಮೂಲಕ ಹೊಟ್ಟೆಯದು ಒಂದು. ಎದೆಕವಚದ ಹೊಳಪು ನೋಡಬೇಕಾದ್ದರಿಂದ ಫ್ಲಾಶ್ ಬೇಡ, ಫ್ಲಾಶಿನಲ್ಲಿ ಮಬ್ಬಾದದ್ದೂ ಹೊಳೆಯುತ್ತದೆ. ನೆರಳಿನ ಸಮ ಬೆಳಕೇ ಸರಿ. ಹುಳು ನಿಲ್ಲದಿದ್ದರೆ ಡಬ್ಬಿಯನ್ನು ಫ್ರಿಜ್ಜಿನ ಕೆಳಭಾಗದಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ, ಫ್ರೀಜರಿನಲ್ಲಲ್ಲ. ನೀರಿನ ಫೋಟೊ ಮರೆಯಬೇಡಿ: ದಡ, ಗಿಡ, ನೆರಳು ಕಾಣುವಂತೆ ಒಂದು ಅಗಲ ಚಿತ್ರ.

ಹೆಸರು ಎಲ್ಲಿಯವರೆಗೆ

ಫೋಟೊದೊಂದಿಗೆ ಬರೆದಿಡಬೇಕಾದ ವಿವರ ಚಿಕ್ಕದೇ: ದಿನಾಂಕ, ಹಳ್ಳಿ-ತಾಲ್ಲೂಕು ಮತ್ತು ಫೋನ್ ತೋರಿಸುವ ಅಕ್ಷಾಂಶ-ರೇಖಾಂಶ, ನೀರಿನ ಬಗೆ, ಹರಿವಿನ ವೇಗ, ನೆರಳು, ಗಿಡಗಳು, ಸುಮಾರು ಎಷ್ಟು ಹುಳು, ಅವುಗಳಲ್ಲಿ ರೆಕ್ಕೆಯಿದ್ದದ್ದು ಇತ್ತೇ. ಉದಾಹರಣೆಗೆ ‘ಕೃಷಿ ಹೊಂಡ, ನಿಂತ ನೀರು, ಪೂರ್ತಿ ಬಿಸಿಲು, ಮೈ 9 ಮಿಲಿಮೀಟರ್, ಕವಚ ಹೊಳಪು, ಮುಂದೆ ಜೋಡಿ ಹಳದಿ ಮಚ್ಚೆ’ ಎಂದಿದ್ದರೆ ಯಾವ ತಜ್ಞರೂ ಲಿಮ್ನೋಗೋನಸ್ ಎನ್ನುತ್ತಾರೆ. ಬರೀ ಫೋಟೊ ಕಳಿಸಿದರೆ ಅವರೂ ಗೆರಿಡೇ ಎಂದು ಸುಮ್ಮನಾಗಬೇಕಾಗುತ್ತದೆ.

ಹೊಟ್ಟೆಯ ತುದಿ ಕಾಣದಿದ್ದಾಗ ‘ಲಿಮ್ನೋಗೋನಸ್, ಪ್ರಭೇದ ಖಚಿತವಿಲ್ಲ’ ಎಂದು ಬರೆಯುವುದೇ ಸರಿಯಾದ ಗುರುತಿಸುವಿಕೆ. ಅಂದಾಜಿನ ಪೂರ್ಣ ಹೆಸರು ದಾಖಲೆಗೆ ಸೇರಿಬಿಟ್ಟರೆ ಇಲ್ಲದ ಊರಿನಲ್ಲಿ ಇಲ್ಲದ ಪ್ರಭೇದ ಇದ್ದಂತಾಗುತ್ತದೆ, ಮುಂದೆ ಅದನ್ನು ನೋಡಿ ಕಲಿಯುವ ಆ್ಯಪೂ ಅದೇ ತಪ್ಪನ್ನು ಹೇಳುತ್ತದೆ. ಪ್ರಭೇದದ ಹೆಸರು ಬೇಕೇ ಬೇಕೆಂದಿದ್ದರೆ ಸತ್ತ ಗಂಡುಹುಳುವೊಂದನ್ನು 70 ಪ್ರತಿಶತ ಆಲ್ಕೊಹಾಲಿನಲ್ಲಿಟ್ಟು, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಹಾಕಿ, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ತೋರಿಸಬಹುದು. ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಹೋಗುತ್ತದೆ.

ಜೀವಂತ ಹುಳುವನ್ನು ಹಿಡಿದ ಜಾಗದಲ್ಲೇ ಬಿಡಬೇಕು, ಹಳ್ಳದ್ದನ್ನು ಹೊಂಡಕ್ಕೆ ಬಿಡುವುದು ಬೇಡ. ಮೇಲಿಂದ ಎಸೆಯದೆ ಡಬ್ಬಿಯ ಬಾಯನ್ನು ದಡದಂಚಿನ ನೀರಿಗೆ ಸಮವಾಗಿ ತಾಗಿಸಿ ಹಿಡಿಯಿರಿ. ಕಾಲು ಒಣಗಿದ್ದರೆ ಅದು ನೇರ ನೀರಿಗಿಳಿದು ಓಡುತ್ತದೆ. ಒದ್ದೆಯಾಗಿದ್ದರೆ ಪಕ್ಕದಲ್ಲೊಂದು ತೇಲುವ ಎಲೆಯಿಡಿ, ಅದರ ಮೇಲೆ ಹತ್ತಿ, ಕಾಲಿಂದ ಕಾಲನ್ನು ಉಜ್ಜಿ ಒಣಗಿಸಿಕೊಂಡು ಆಮೇಲೆ ಹೊರಡುತ್ತದೆ.